‘ಜಡ’ನಿಂದ ‘ವಿಕಲಚೇತನ’ನವರೆಗೆ: ಒಂದು ಪದಚರಿತ್ರೆ

ಕೂನೂರಿನಿಂದ ಉದಕಮಂಡಲಕ್ಕೆ ಏರುವ ಬೆಟ್ಟದ ರೈಲು ಕೇತ್ತಿಯನ್ನು ದಾಟಿದ ಮೇಲೆ ನಮ್ಮ ಲವ್‌ಡೇಲ್‌ನಲ್ಲಿ ನಿಲ್ಲುತ್ತದೆ. ಈ ಪುಟ್ಟ ಊರಿಗೆ ಹೆಸರು ತಂದದ್ದು ಇಲ್ಲಿಯ ಲಾರೆನ್ಸ್ ಶಾಲೆ. ವಿಶ್ರಾಂತ ಜೀವನಕ್ಕೆಂದು ಇಲ್ಲಿ ನೆಲೆಸಿದ ಹೊಸದರಲ್ಲಿ, ಆ ಶಾಲೆಯ ಮೂಲ ಹೆಸರು ‘ಲಾರೆನ್ಸ್ ಅಸೈಲಂ’ ಎಂಬುದನ್ನು ತಿಳಿದು ನಾವು ಬೆರಗಾದೆವು. ಅಸೈಲಂ ಎಂದರೆ ಹುಚ್ಚಾಸ್ಪತ್ರೆ ಎಂದೇ ನಮ್ಮ ತಲೆಮಾರಿನವರ ತಿಳಿವಳಿಕೆ. ಆದರೆ 1858ರಲ್ಲಿ ನೀಲಗಿರಿಯಲ್ಲಿ ಈ ಸಂಸ್ಥೆ ಹುಟ್ಟಿದಾಗ ಆ ಪದಕ್ಕೆ ‘ಆಶ್ರಯಧಾಮ’ ಎಂದಷ್ಟೇ ಅರ್ಥ. 1857ರಲ್ಲಿ ಲಖನೌ ಮುತ್ತಿಗೆಯಲ್ಲಿ ಮಡಿದ ಸರ್ ಹೆನ್ರಿ ಲಾರೆನ್ಸರ ಸ್ಮರಣೆಯಲ್ಲಿ, ಬ್ರಿಟಿಷ್ ಸಿಪಾಯಿಗಳ ಮಕ್ಕಳಿಗೂ ಅನಾಥರಿಗೂ ನೆರಳು ಕೊಡಲು ಏರ್ಪಟ್ಟ ಮನೆ ಅದು. ಕಾಲಕ್ರಮದಲ್ಲಿ ‘ಅಸೈಲಂ’ ಎಂಬ ಪದಕ್ಕೆ ಬೇರೆಯ ಕಟ್ಟಡಗಳ ನೆರಳು ಬಿದ್ದಿತು. ಶಾಲೆ ಆ ಪದವನ್ನು ಕಳಚಿಟ್ಟಿತು. ಕಲ್ಲು, ಗೋಡೆ, ಮಕ್ಕಳ ಪಾಠ, ಊಟ, ಆಟಗಳು ಮುಂದುವರಿದವು. ಹೆಸರು ಮಾತ್ರ ಉಳಿಯಲಿಲ್ಲ.

ಕರುಣೆಯಿಂದ ಹುಟ್ಟಿದ ಪದವೊಂದು ಹೀಗೆ ಕಳಂಕ ಹೊತ್ತು ನಿರ್ಗಮಿಸಿದ್ದು ಇದೊಂದೇ ಪ್ರಸಂಗವಲ್ಲ. ಬುದ್ಧಿಯ ಬೆಳವಣಿಗೆ ಕುಂಠಿತವಾದ ಮನುಷ್ಯರಿಗೆ ಧರ್ಮಶಾಸ್ತ್ರ, ನ್ಯಾಯಾಲಯ, ವೈದ್ಯ, ಮನಶ್ಶಾಸ್ತ್ರ ಇವು ನಾಲ್ಕೂ ಕಾಲಕಾಲಕ್ಕೆ ಇಟ್ಟ ಹೆಸರುಗಳ ಕಥೆಯೂ ಇದೇ. ಸಮ್ಮೇಳನದ ಈ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಸಂಘದ ಮಿತ್ರರು ಕೇಳಿದಾಗ ನಮಗೆ ಈ ವಿಷಯವೇ ತೋಚಿತು. ಇದಕ್ಕೆ ಒಂದು ಸ್ವಂತ ಕಾರಣವೂ ಉಂಟು. ಅದನ್ನು ಕೊನೆಯಲ್ಲಿ ಅರಿಕೆ ಮಾಡುತ್ತೇವೆ.

ಕಲ್ಯಾಣದಲ್ಲಿ ಬರೆದ ಒಂದು ಮಾತು

ಕನ್ನಡಿಗರಿಗೆ ಈ ಚರಿತ್ರೆಯಲ್ಲಿ ಪಾಲಿಲ್ಲವೆಂದು ತಿಳಿಯಬಾರದು. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಅಂದರೆ 1076ರಿಂದ 1126ರವರೆಗಿನ ಅವಧಿಯಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಬಂಗಾಳ ಮುಂತಾದ ಕೆಲವು ಕಡೆಗಳನ್ನು ಬಿಟ್ಟರೆ ಭಾರತದ ಬಹುಭಾಗದಲ್ಲಿ ಹಿಂದೂಗಳ ಆಸ್ತಿ ಹಂಚಿಕೆ ಎಂಟುನೂರು ವರ್ಷಗಳಿಗೂ ಮಿಕ್ಕಿ ನಡೆದದ್ದು ಈ ಗ್ರಂಥದ ಆಧಾರದ ಮೇಲೆ.

ದಾಯಭಾಗದ ಪ್ರಕರಣದಲ್ಲಿ, ಪಿತ್ರಾರ್ಜಿತದಲ್ಲಿ ಯಾರಿಗೆ ಪಾಲಿಲ್ಲ ಎಂಬ ಪಟ್ಟಿಯೊಂದು ಸ್ಮೃತಿಯಲ್ಲಿ ಬರುತ್ತದೆ. ಕುಂಟ, ಕುರುಡ, ಉನ್ಮತ್ತ, ವಾಸಿಯಾಗದ ರೋಗವುಳ್ಳವನು ಮೊದಲಾದವರ ಸಾಲಿನಲ್ಲಿ ‘ಜಡ’ ಎಂಬವನೂ ಇದ್ದಾನೆ. ಉನ್ಮತ್ತ ಬೇರೆ, ಜಡ ಬೇರೆ ಎಂಬುದನ್ನು ಗಮನಿಸಬೇಕು. ಮನಸ್ಸಿನ ಕಾಯಿಲೆಯೂ ಬುದ್ಧಿಯ ಕೊರತೆಯೂ ಒಂದೇ ಅಲ್ಲವೆಂಬ ವಿವೇಕ ಅಂದಿನವರಿಗಿತ್ತು. ಜಡ ಎಂದರೆ ಯಾರು ಎಂಬುದಕ್ಕೆ ವಿಜ್ಞಾನೇಶ್ವರನು ಕೊಟ್ಟ ವಿವರಣೆ ಚಿಕ್ಕದು: ಯಾರ ಅಂತಃಕರಣ ವಿಕಲವಾಗಿದೆಯೋ, ಯಾರು ತನಗೆ ಹಿತವಾದದ್ದು ಯಾವುದು, ಅಹಿತವಾದದ್ದು ಯಾವುದು ಎಂದು ನಿಶ್ಚಯಿಸಲಾರನೋ ಅವನು ಜಡ.

ಪಾಲಿಲ್ಲವೆಂದ ಶಾಸ್ತ್ರವೇ ಅಂಥವನನ್ನು ಪೋಷಿಸಲೇಬೇಕೆಂದೂ ವಿಧಿಸಿತು. ಅವನ ಮಗನಲ್ಲಿ ಆ ದೋಷವಿಲ್ಲದಿದ್ದರೆ ಮಗನಿಗೆ ಪಾಲು ಉಂಟು; ಹೆಣ್ಣುಮಕ್ಕಳನ್ನು ಮದುವೆಯಾಗುವವರೆಗೆ ಸಾಕಬೇಕು; ಪಾಲಾದ ಮೇಲೆ ದೋಷ ತಲೆದೋರಿದರೆ ಕೊಟ್ಟದ್ದನ್ನು ಕಿತ್ತುಕೊಳ್ಳುವಂತಿಲ್ಲ; ಔಷಧೋಪಚಾರದಿಂದ ದೋಷ ನೀಗಿದರೆ ಪಾಲು ಕೊಡಬೇಕು. ಅಂದಿನ ಕಾಲಕ್ಕೆ ಇದು ನಿರ್ದಯವಾದ ಕಟ್ಟಳೆಯೆಂದು ಹೇಳಲಾಗದು. ಆದರೂ ಒಂದು ಮಾತನ್ನು ಮರೆಯಬಾರದು. ‘ಜಡ’ ಎಂಬ ಎರಡಕ್ಷರ ಯಾರ ಮೇಲೆ ಬಿದ್ದಿತೋ ಅವನು ಮನೆಯ ಯಜಮಾನಿಕೆಯಿಂದ ಜಾರಿ ಅನ್ನಕ್ಕೆ ಕಾಯುವವನಾದನು.

ಕನ್ನಡದ ಜನಜೀವನದಲ್ಲಿ ಬೇರೊಂದು ಧಾರೆಯೂ ಹರಿದಿತ್ತು. ಅದೇ ಕಲ್ಯಾಣದಲ್ಲಿ, ಮುಂದಿನ ತಲೆಮಾರಿನಲ್ಲಿ, ಯಾರೂ ಗಣಿಸದೆ ಮರುಳನೆಂದು ಬಗೆದಿದ್ದ ಮರುಳಶಂಕರದೇವನ ಹಿರಿಮೆಯನ್ನು ಅಲ್ಲಮಪ್ರಭು ಗುರುತಿಸಿದ ಕಥೆಯನ್ನು ಶೂನ್ಯಸಂಪಾದನೆ ಹೇಳುತ್ತದೆ. ನಮ್ಮ ಕಾಲಕ್ಕೆ ಬಂದರೆ, ಡಿ.ವಿ.ಜಿ.ಯವರು 1943ರಲ್ಲಿ ಹೊರತಂದ ತಮ್ಮ ತತ್ತ್ವಕಾವ್ಯವನ್ನು ‘ಮಂಕುತಿಮ್ಮ’ನ ಬಾಯಲ್ಲಿ ಹೇಳಿಸಿದರು. ಮರುಳ, ಮಂಕು, ಬೆಪ್ಪ, ಗಾಂಪ, ಪೆದ್ದ, ದಡ್ಡ ಇವೆಲ್ಲ ಬೈಗುಳವೂ ಹೌದು, ಸಲಿಗೆಯ ಮಾತೂ ಹೌದು. ಅಜ್ಜಿ ಮೊಮ್ಮಗನನ್ನು ‘ಪೆದ್ದು ಮುಂಡೇದೆ’ ಎಂದರೆ ಅದರಲ್ಲಿ ಮುದ್ದೇ ಹೆಚ್ಚು. ಆದರೆ ಕಾಗದದ ಮೇಲೆ, ಮೊಹರಿನ ಪಕ್ಕದಲ್ಲಿ ಅದೇ ಅರ್ಥದ ಪದ ಕುಳಿತಾಗ ಮುದ್ದು ಹೋಗಿ ತೀರ್ಪು ಉಳಿಯುತ್ತದೆ.

ಇಂಗ್ಲಿಷ್ ಕಾನೂನಿನ ‘ಈಡಿಯಟ್’

1810ರಲ್ಲಿ ಕೋಲ್‌ಬ್ರೂಕ್ ಎಂಬ ವಿದ್ವಾಂಸನು ಮಿತಾಕ್ಷರಾದ ದಾಯಭಾಗವನ್ನು ಇಂಗ್ಲಿಷಿಗೆ ತಂದನು. ‘ಜಡ’ ಎಂಬಲ್ಲಿ ಅವನು ಬಳಸಿದ ಪದ ‘ಈಡಿಯಟ್’. ಸಂಸ್ಕೃತ ಬಾರದ ನ್ಯಾಯಾಧೀಶರು ಈ ಅನುವಾದವನ್ನೇ ಮುಂದಿಟ್ಟುಕೊಂಡು ತೀರ್ಪು ಕೊಡತೊಡಗಿದರು. ಹೀಗೆ ಕಲ್ಯಾಣದ ಜಡನಿಗೆ ಲಂಡನ್ನಿನ ಅಂಗಿ ತೊಡಿಸಿದಂತಾಯಿತು.

ಈ ಅಂಗಿಯೂ ಹಳೆಯದೇ. ಗ್ರೀಕ್ ಭಾಷೆಯಲ್ಲಿ ‘ಇಡಿಯೋಟೆಸ್’ ಎಂದರೆ ಸಾರ್ವಜನಿಕ ವ್ಯವಹಾರದಲ್ಲಿ ತೊಡಗದೆ ತನ್ನಷ್ಟಕ್ಕೆ ತಾನಿರುವವನು. ಅಲ್ಲಿಂದ ಅದು ತಿಳಿವಿಲ್ಲದವನೆಂಬ ಅರ್ಥಕ್ಕೆ ಇಳಿಯಿತು. ಇಂಗ್ಲೆಂಡಿನ ಮಧ್ಯಯುಗದ ಕಾನೂನಿನಲ್ಲಿ, ಹುಟ್ಟಿನಿಂದಲೇ ಬುದ್ಧಿ ಬೆಳೆಯದವನ ಜಮೀನಿನ ಪಾಲನೆ ಅರಸನಿಗೆ ಸೇರುತ್ತಿತ್ತು. ಆದಕಾರಣ ಯಾರು ಈಡಿಯಟ್ ಎಂದು ನಿರ್ಧರಿಸುವುದು ಹಣದ ವಿಷಯವಾಯಿತು. ಹದಿನಾರನೆಯ ಶತಮಾನದ ಫಿಟ್ಜ್‌ಹರ್ಬರ್ಟ್ ಎಂಬ ನ್ಯಾಯಜ್ಞನು ಕೊಟ್ಟ ಪರೀಕ್ಷೆ ಇದು: ಇಪ್ಪತ್ತು ಪೆನ್ನಿಗಳನ್ನು ಎಣಿಸಲಾರದವನು, ತಂದೆತಾಯಿ ಯಾರೆಂದು ಹೇಳಲಾರದವನು, ತನ್ನ ವಯಸ್ಸೆಷ್ಟೆಂದು ತಿಳಿಯದವನು. ಮೂರನೆಯ ಪ್ರಶ್ನೆಯನ್ನು ನಮ್ಮ ಬಾಲ್ಯದ ಹಳ್ಳಿಯಲ್ಲಿ ಕೇಳಿದ್ದರೆ, ಊರಿನ ಪಂಚರಲ್ಲಿ ಅನೇಕರು ಅನುತ್ತೀರ್ಣರಾಗುತ್ತಿದ್ದರು.

ಲಾರೆನ್ಸ್ ಅಸೈಲಂ ಹುಟ್ಟಿದ ಅದೇ 1858ರಲ್ಲಿ ಬ್ರಿಟಿಷ್ ಭಾರತ ಮೂರು ‘ಲ್ಯೂನಸಿ’ ಶಾಸನಗಳನ್ನು ಪಡೆಯಿತು. ಆ ವರ್ಷದ ಮೂವತ್ತಾರನೆಯ ಶಾಸನ ‘ಲ್ಯುನಾಟಿಕ್’ ಎಂಬ ಪದವನ್ನು ವಿವರಿಸುವಾಗ ಚಿತ್ತಸ್ವಾಸ್ಥ್ಯವಿಲ್ಲದವನನ್ನೂ ಈಡಿಯಟ್‌ನನ್ನೂ ಒಂದೇ ಬುಟ್ಟಿಗೆ ಹಾಕಿತು. 1912ರ ಭಾರತೀಯ ಲ್ಯೂನಸಿ ಶಾಸನವೂ ಅದನ್ನೇ ಮುಂದುವರಿಸಿತು. ಇಂಗ್ಲೆಂಡಾದರೋ 1886ರಲ್ಲಿಯೇ ಈಡಿಯಟ್‌ಗಳಿಗೆ ಪ್ರತ್ಯೇಕ ಶಾಸನ ಮಾಡಿಕೊಂಡಿತ್ತು. 1913ರಲ್ಲಿ ಇನ್ನೊಂದನ್ನು ಮಾಡಿ ಈಡಿಯಟ್, ಇಂಬೆಸೈಲ್, ದುರ್ಬಲಬುದ್ಧಿಯವರು, ನೈತಿಕ ಇಂಬೆಸೈಲ್ ಎಂದು ನಾಲ್ಕು ದರ್ಜೆಗಳನ್ನು ಏರ್ಪಡಿಸಿತು. ಯಾಜ್ಞವಲ್ಕ್ಯನು ಬೇರೆಬೇರೆಯಾಗಿ ಹೇಳಿದ್ದ ಉನ್ಮತ್ತನೂ ಜಡನೂ ನಮ್ಮ ನಾಡಿನ ಕಾನೂನಿನಲ್ಲಿ ಒಂದೇ ಹೆಸರಿನಡಿ ಉಳಿದರು.

ಅಳತೆಗೋಲು ಬಂದ ಬಗೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮನಶ್ಶಾಸ್ತ್ರ ರಂಗಕ್ಕೆ ಬಂದಿತು. ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳಿಗೆ ವಿಶೇಷ ಶಿಕ್ಷಣ ಕೊಡಬೇಕೆಂದು ಫ್ರಾನ್ಸಿನ ಸರ್ಕಾರ 1904ರಲ್ಲಿ ಒಂದು ಆಯೋಗ ನೇಮಿಸಿತು. ಅದರ ಫಲವಾಗಿ ಆಲ್ಫ್ರೆಡ್ ಬಿನೆ ಮತ್ತು ಥಿಯೋಡೋರ್ ಸಿಮೋನ್ ಎಂಬವರು 1905ರಲ್ಲಿ ಬುದ್ಧಿಪರೀಕ್ಷೆಯೊಂದನ್ನು ರೂಪಿಸಿದರು. ಬಿನೆಯ ಉದ್ದೇಶ ನೆರವು ಬೇಕಾದ ಮಗುವನ್ನು ಗುರುತಿಸುವುದು. ಬುದ್ಧಿಯನ್ನು ಹೆಚ್ಚಿಸಲಾಗದು ಎಂಬ ನಿರಾಶಾವಾದವನ್ನು ಆತ ಬಲವಾಗಿ ವಿರೋಧಿಸಿದ್ದನು. 1911ರಲ್ಲಿ ಆತ ತೀರಿಕೊಂಡನು. ಆತನ ಅಳತೆಗೋಲು ಸಮುದ್ರ ದಾಟಿತು.

ಅಮೆರಿಕದ ನ್ಯೂ ಜೆರ್ಸಿಯ ವೈನ್‌ಲ್ಯಾಂಡ್ ಶಾಲೆಯಲ್ಲಿದ್ದ ಹೆನ್ರಿ ಗೊಡ್ಡಾರ್ಡನು ಆ ಪರೀಕ್ಷೆಯನ್ನು ಬಳಸಿ ದರ್ಜೆಗಳನ್ನು ಕಟ್ಟಿದನು. ಎರಡು ವರ್ಷದವರೆಗಿನ ಮಾನಸಿಕ ವಯಸ್ಸಿನವರು ಈಡಿಯಟ್. ಮೂರರಿಂದ ಏಳರವರು ಇಂಬೆಸೈಲ್. ಎಂಟರಿಂದ ಹನ್ನೆರಡರವರಿಗೆ ತಕ್ಕ ಹೆಸರಿಲ್ಲವೆಂದು 1910ರಲ್ಲಿ ಗ್ರೀಕ್ ಮೂಲದಿಂದ ‘ಮೋರಾನ್’ ಎಂಬ ಪದವನ್ನು ಆತನೇ ಟಂಕಿಸಿದನು. ಅಂದು ಅದು ಯಾರ ಬಾಯಲ್ಲೂ ಇಲ್ಲದ, ಯಾವ ಕಳಂಕವೂ ಅಂಟದ ಹೊಚ್ಚಹೊಸ ಶಾಸ್ತ್ರೀಯ ಪದ. ಬೀದಿಯ ಬೈಗುಳವಾಗಲು ಅದಕ್ಕೆ ಹೆಚ್ಚು ಕಾಲ ಬೇಕಾಗಲಿಲ್ಲ. 1916ರಲ್ಲಿ ಟರ್ಮನ್ ಎಂಬಾತ ಐ.ಕ್ಯು. ಎಂಬ ಬುದ್ಧಿಸೂಚ್ಯಂಕವನ್ನು ಬಳಕೆಗೆ ತಂದಾಗ ಈ ಮೂರು ಪದಗಳಿಗೆ ಅಂಕಿಗಳೂ ಅಂಟಿಕೊಂಡವು: 50ರಿಂದ 70 ಮೋರಾನ್, 25ರಿಂದ 50 ಇಂಬೆಸೈಲ್, ಅದಕ್ಕೂ ಕೆಳಗೆ ಈಡಿಯಟ್.

ಅಂಕಿ ಬಂದ ಮೇಲೆ ಅನುಮಾನ ಹೋಯಿತು, ಅನಾಹುತವಾದದ್ದೂ ಅಲ್ಲಿಯೇ. ಬುದ್ಧಿ ಕಡಿಮೆಯವರು ಮಕ್ಕಳನ್ನು ಹೆರಬಾರದೆಂಬ ವಾದ ಬಲವಾಯಿತು. 1927ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ವರ್ಜೀನಿಯಾದ ಕ್ಯಾರಿ ಬಕ್ ಎಂಬ ಯುವತಿಗೆ ಬಲವಂತದ ಸಂತಾನಹರಣ ಶಸ್ತ್ರಕ್ರಿಯೆ ಮಾಡಬಹುದೆಂದು ತೀರ್ಪು ಕೊಟ್ಟಿತು. ತಾಯಿ, ಮಗಳು, ಮೊಮ್ಮಗಳು ಮೂವರಿಗೂ ಬುದ್ಧಿಯಿಲ್ಲವೆಂಬುದು ಅದರ ಆಧಾರ. ಆ ಮೊಮ್ಮಗಳು, ವಿವಿಯನ್, ಮುಂದೆ ಶಾಲೆಗೆ ಸೇರಿ ಉತ್ತಮ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಹೆಸರು ಪಡೆದು ಎಂಟನೆಯ ವಯಸ್ಸಿನಲ್ಲಿ ತೀರಿಕೊಂಡಳು. ಜರ್ಮನಿಯ ನಾಜಿ ಸರ್ಕಾರ 1933ರಲ್ಲಿ ಮಾಡಿದ ಸಂತಾನಹರಣ ಶಾಸನದ ಪಟ್ಟಿಯಲ್ಲಿ ಮೊದಲನೆಯದೇ ‘ಹುಟ್ಟು ಬುದ್ಧಿದೌರ್ಬಲ್ಯ’. 1939ರಿಂದ 1941ರವರೆಗೆ ಆಸ್ಪತ್ರೆ, ಆಶ್ರಮಗಳಿಂದ ಒಯ್ದು ಅನಿಲದಿಂದ ಕೊಂದ ಎಪ್ಪತ್ತು ಸಾವಿರ ಜನರಲ್ಲಿ ಇಂಥವರು ಬಹುಮಂದಿ. ಗೊಡ್ಡಾರ್ಡನು 1928ರ ವೇಳೆಗೆ ತನ್ನ ಹಳೆಯ ಅಭಿಪ್ರಾಯಗಳನ್ನು ಬಹುಮಟ್ಟಿಗೆ ಕೈಬಿಟ್ಟಿದ್ದನು. ಪದ ಮಾತ್ರ ಹಿಂತಿರುಗಲಿಲ್ಲ.

ಧಾರವಾಡದ ಮಕ್ಕಳು

ಬಿನೆಯ ಪರೀಕ್ಷೆ ಕನ್ನಡಕ್ಕೆ ಬಂದದ್ದು ಧಾರವಾಡದಲ್ಲಿ. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಆ ಊರಿನಲ್ಲಿ ಡಾ. ವಿ.ವಿ. ಕಾಮತರು 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಆ ಪರೀಕ್ಷೆಯನ್ನು ಹೊಂದಿಸಿದರು. 1940ರಲ್ಲಿ ಭಾರತೀಯ ಮಕ್ಕಳ ಬುದ್ಧಿಮಾಪನವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ ಪ್ರಕಟವಾಯಿತು. ಪ್ಯಾರಿಸಿನ ಮಗುವಿಗೆ ಕೇಳಿದ ಪ್ರಶ್ನೆಯನ್ನು ಧಾರವಾಡದ ಮಗುವಿಗೆ ಹಾಗೆಯೇ ಕೇಳಿದರೆ ಪರೀಕ್ಷೆ ಬುದ್ಧಿಯದಾಗುವುದಿಲ್ಲ, ಪರಿಸರದ್ದಾಗುತ್ತದೆ ಎಂಬುದು ಇಂಥ ಶ್ರಮದ ಹಿಂದಿನ ತಿಳಿವು. ‘ಬಿನೆ–ಕಾಮತ್ ಪರೀಕ್ಷೆ’ ಎಂಬ ಹೆಸರಿನಲ್ಲಿ ಅದು ದೇಶದ ಆಸ್ಪತ್ರೆಗಳಲ್ಲಿ ದಶಕಗಳ ಕಾಲ ಬಳಕೆಯಲ್ಲಿ ಉಳಿದಿದೆ. ಇತ್ತ ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ತೆರೆಯಿತು. ಲಂಡನ್ನಿನಲ್ಲಿ ಕಲಿತು ಬಂದು ಅದನ್ನು ಕಟ್ಟಿದವರು ಡಾ. ಎಂ.ವಿ. ಗೋಪಾಲಸ್ವಾಮಿಯವರು. 1935ರಲ್ಲಿ ತಮ್ಮ ಮನೆಯಿಂದಲೇ ಮೈಸೂರಿನ ‘ಆಕಾಶವಾಣಿ’ಯನ್ನು ಆರಂಭಿಸಿದವರೂ ಅವರೇ.

ಪರೀಕ್ಷೆಯ ಜೊತೆಗೆ ಪದಗಳೂ ಬಂದವು. 1974ರಲ್ಲಿ ನಾವು ಬಿ.ಇಡಿ. ಓದುವಾಗ ಮೇಷ್ಟರು ಕಪ್ಪುಹಲಗೆಯ ಮೇಲೆ ಬರೆದ ಕೋಷ್ಟಕ ಇಂದಿಗೂ ಕಣ್ಣಿಗೆ ಕಟ್ಟಿದೆ: ಈಡಿಯಟ್, ಇಂಬೆಸೈಲ್, ಮೋರಾನ್, ಎದುರಿಗೆ ಅಂಕಿಗಳು, ಕನ್ನಡದಲ್ಲಿ ಒಟ್ಟಾಗಿ ‘ಮಂದಬುದ್ಧಿ’. ಅಷ್ಟು ಹೊತ್ತಿಗೆ ಹೊರಗಿನ ವಿದ್ವತ್ಪ್ರಪಂಚ ಈ ಮೂರನ್ನೂ ಬಿಟ್ಟು ಸೌಮ್ಯ, ಮಧ್ಯಮ, ತೀವ್ರ, ಅತಿತೀವ್ರ ಎಂಬ ದರ್ಜೆಗಳಿಗೆ ಹೋಗಿತ್ತು. ಇನ್ನೂ ಒಂದು ಸಂಗತಿ ನಮಗೆ ಗೊತ್ತಿರಲಿಲ್ಲ. 1959ರಲ್ಲಿ ಅಮೆರಿಕದ ತಜ್ಞರ ಸಂಘವು ಬುದ್ಧಿಮಾಂದ್ಯದ ಗೆರೆಯನ್ನು ಸುಮಾರು 85ರ ಹತ್ತಿರ ಎಳೆದಿತ್ತು. 1973ರಲ್ಲಿ ಅದನ್ನು 70ಕ್ಕೆ ಇಳಿಸಿತು. ಹಿಂದಿನ ದಿನ ಬುದ್ಧಿಮಾಂದ್ಯರಾಗಿದ್ದ ಅಸಂಖ್ಯ ಜನರು ಮರುದಿನ ಗೆರೆಯ ಈಚೆಗೆ ಬಂದರು. ಅವರ ತಲೆಯೊಳಗೆ ಏನೂ ಬದಲಾಗಿರಲಿಲ್ಲ, ಬದಲಾದದ್ದು ಗೆರೆ.

ಕೂನೂರಿನ ಪ್ರಯೋಗಶಾಲೆ ಮತ್ತು ಒಂದು ಚಿಟಿಕೆ ಉಪ್ಪು

ನಮ್ಮ ನೀಲಗಿರಿಗೂ ಈ ಚರಿತ್ರೆಯಲ್ಲಿ ಒಂದು ಮುಖ್ಯ ಸ್ಥಾನವಿದೆ. ‘ಕ್ರೆಟಿನ್’ ಎಂಬ ಇನ್ನೊಂದು ಬೈಗುಳ ಇಂಗ್ಲಿಷಿನಲ್ಲಿ ಉಂಟು. ಆಲ್ಪ್ಸ್ ಪರ್ವತದ ಕಣಿವೆಗಳಲ್ಲಿ ಗಂಟಲಿನ ಗಡ್ಡೆ, ಕುಳ್ಳು ದೇಹ, ಕಿವುಡು, ಬುದ್ಧಿಯ ಕುಂಠಿತ ಇವುಗಳೊಂದಿಗೆ ಹುಟ್ಟುತ್ತಿದ್ದವರನ್ನು ಅಲ್ಲಿಯ ಜನ ಹಾಗೆ ಕರೆಯುತ್ತಿದ್ದರು. ‘ಕ್ರೈಸ್ತ’ ಎಂಬ ಪದವೇ ಆ ಸೀಮೆಯ ಆಡುಮಾತಿನಲ್ಲಿ ಹೀಗಾಯಿತೆಂದು ನಿಘಂಟುಕಾರರು ಹೇಳುತ್ತಾರೆ. ಇವನೂ ನಮ್ಮಂತೆ ದೇವರ ಮಗು, ಪ್ರಾಣಿಯಲ್ಲ ಎಂಬುದು ಮೂಲದ ಭಾವ. ಅಷ್ಟು ಕರುಣೆಯ ಪದವೂ ಕೊನೆಗೆ ಬೈಗುಳವಾಯಿತು.

ಸರ್ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ಭಾರತೀಯ ವೈದ್ಯಕೀಯ ಸೇವೆಯ ಅಧಿಕಾರಿ ಗಿಲ್ಗಿಟ್ ಮತ್ತು ಚಿತ್ರಾಲ್ ಕಣಿವೆಗಳಲ್ಲಿ ಇಂಥವರನ್ನು ಪರೀಕ್ಷಿಸಿ 1908ರಲ್ಲಿ ವರದಿ ಪ್ರಕಟಿಸಿದರು. ಮುಂದೆ ಅವರು ಬಂದು ನೆಲೆಸಿ ಕೆಲಸ ಮಾಡಿದ್ದು ಇಲ್ಲಿಂದ ಕೆಲವೇ ಮೈಲಿ ಕೆಳಗಿನ ಕೂನೂರಿನಲ್ಲಿ. ಅಲ್ಲಿಯ ಪಾಸ್ತರ್ ಸಂಸ್ಥೆಯ ಆವರಣದಲ್ಲಿ ಅವರು ನಡೆಸಿದ ಆಹಾರ ಸಂಶೋಧನೆಯೇ ಬೆಳೆದು ಪೌಷ್ಟಿಕತೆಯ ಸಂಶೋಧನಾಲಯವಾಯಿತು. 1958ರಲ್ಲಿ ಹೈದರಾಬಾದಿಗೆ ಹೋಯಿತು. ಸ್ವಾತಂತ್ರ್ಯದ ಹೊಸದರಲ್ಲಿ ಆ ಕೂನೂರಿನ ಸಂಶೋಧನಾಲಯದಲ್ಲಿ ಕೆಲಸ ಕಲಿತ ಡಾ. ವಿ. ರಾಮಲಿಂಗಸ್ವಾಮಿಯವರು 1956ರಿಂದ ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ ಒಂದು ದೊಡ್ಡ ಪ್ರಯೋಗ ಕೈಗೊಂಡರು. ಕೆಲವು ಪ್ರದೇಶಗಳ ಜನಕ್ಕೆ ಅಯೋಡಿನ್ ಬೆರೆಸಿದ ಉಪ್ಪು, ಬೇರೆಡೆಯವರಿಗೆ ಎಂದಿನ ಉಪ್ಪು. ಕೆಲವು ವರ್ಷಗಳಲ್ಲಿ ಅಯೋಡಿನ್ ಉಪ್ಪು ತಿಂದ ಊರುಗಳಲ್ಲಿ ಗಂಟಲ ಗಡ್ಡೆ ಗಣನೀಯವಾಗಿ ಇಳಿಯಿತು. ಗರ್ಭಿಣಿಯ ದೇಹದಲ್ಲಿ ಅಯೋಡಿನ್ ಕೊರತೆಯಾಗದಿದ್ದರೆ ಆ ಬಗೆಯ ಬುದ್ಧಿಕುಂಠಿತವೂ ತಪ್ಪುತ್ತದೆ. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು.

ಜನ ವಿಧಿಲಿಖಿತವೆಂದು ಬಗೆದ ಸ್ಥಿತಿ ಒಂದು ಚಿಟಿಕೆ ಉಪ್ಪಿನ ಪ್ರಶ್ನೆಯಾಗಿತ್ತು. ಕಣಿವೆಯ ತಾಯಂದಿರಿಗೆ ‘ಕ್ರೆಟಿನ್’ ಪದಕ್ಕೆ ಬದಲಾಗಿ ಬೇರೊಂದು ಗೌರವದ ಪದ ಕೊಟ್ಟಿದ್ದರೆ ಒಬ್ಬ ಮಗುವೂ ಉಳಿಯುತ್ತಿರಲಿಲ್ಲ. ಪದವನ್ನು ತಿದ್ದುವವರು ಈ ಪಾಠವನ್ನು ನೆನಪಿಡತಕ್ಕದ್ದು.

ಪದ ತಿದ್ದುವುದೂ ಅವಶ್ಯವೆಂಬುದಕ್ಕೆ ಇನ್ನೊಂದು ನಿದರ್ಶನವಿದೆ. 1866ರಲ್ಲಿ ಲ್ಯಾಂಗ್‌ಡನ್ ಡೌನ್ ಎಂಬ ಇಂಗ್ಲಿಷ್ ವೈದ್ಯನು ಒಂದು ಬಗೆಯ ಮಕ್ಕಳ ಮುಖಚಹರೆಯನ್ನು ಕಂಡು ಅವರಿಗೆ ‘ಮಂಗೋಲಿಯನ್’ ಎಂಬ ಹೆಸರಿಟ್ಟನು. ನೂರು ವರ್ಷ ಜಗತ್ತು ಅದನ್ನೇ ಹೇಳಿತು. ಈ ಸ್ಥಿತಿಗೆ ಕಾರಣ ಒಂದು ಹೆಚ್ಚುವರಿ ವರ್ಣತಂತುವೆಂದು 1959ರಲ್ಲಿ ಫ್ರಾನ್ಸಿನ ಲೆಜೂನ್ ಮತ್ತು ಸಂಗಡಿಗರು ತೋರಿಸಿದರು. ಮಂಗೋಲಿಯಾ ದೇಶವೇ 1965ರಲ್ಲಿ ಆಕ್ಷೇಪಿಸಿದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಆ ಪದವನ್ನು ಕೈಬಿಟ್ಟಿತು. ಒಂದು ಜನಾಂಗದ ಹೆಸರು, ಒಂದು ಮಗುವಿನ ಮಾನ ಎರಡೂ ಉಳಿದವು.

ಕಾನೂನು ಕಳಚಿದ ಹೆಸರುಗಳು

ನಮ್ಮ ದೇಶದ ಕಾನೂನು ನಿಧಾನವಾಗಿ ಎಚ್ಚೆತ್ತಿತು. 1928ರ ಶಾಸನವೊಂದು ಮಿತಾಕ್ಷರಾದ ಅನರ್ಹರ ಪಟ್ಟಿಯಿಂದ ಕುಂಟ, ಕುರುಡ ಮುಂತಾದವರನ್ನು ಬಿಡಿಸಿತು. ಆದರೆ ಹುಟ್ಟಿನಿಂದ ಈಡಿಯಟ್ ಅಥವಾ ಲ್ಯುನಾಟಿಕ್ ಆದವನನ್ನು ಹೊರಗೇ ನಿಲ್ಲಿಸಿತು. 1956ರ ಹಿಂದೂ ಉತ್ತರಾಧಿಕಾರ ಶಾಸನದ 28ನೆಯ ಕಲಮು, ರೋಗದಿಂದಾಗಲಿ ನ್ಯೂನತೆಯಿಂದಾಗಲಿ ಯಾರೂ ಪಾಲು ಕಳೆದುಕೊಳ್ಳುವಂತಿಲ್ಲ ಎಂದಿತು. ವಿಜ್ಞಾನೇಶ್ವರನ ಜಡನಿಗೆ ಸುಮಾರು ಎಂಟೂವರೆ ಶತಮಾನಗಳ ತರುವಾಯ ಮನೆಯ ಪಾಲು ಸಿಕ್ಕಿತು. 1955ರ ಹಿಂದೂ ವಿವಾಹ ಶಾಸನದಲ್ಲಿ ಇದ್ದ ‘ಈಡಿಯಟ್’ ಪದ 1976ರ ತಿದ್ದುಪಡಿಯಲ್ಲಿ ಹೋಯಿತು. 1912ರ ಲ್ಯೂನಸಿ ಶಾಸನ 1993ರವರೆಗೂ ಬದುಕಿತ್ತು; ಅದರ ಸ್ಥಾನಕ್ಕೆ ಬಂದ 1987ರ ಮಾನಸಿಕ ಆರೋಗ್ಯ ಶಾಸನ ಬುದ್ಧಿಮಾಂದ್ಯವನ್ನು ಮನೋರೋಗದಿಂದ ಬೇರ್ಪಡಿಸಿತು. ಉನ್ಮತ್ತನೂ ಜಡನೂ ಮತ್ತೆ ಬೇರೆಬೇರೆಯಾದರು.

1995ರ ಅಂಗವಿಕಲರ ಶಾಸನ ‘ಮೆಂಟಲ್ ರಿಟಾರ್ಡೇಷನ್’ ಎಂಬ ಪದವನ್ನು ಬಳಸಿತು. ಹಿಂದಿನ ಬೈಗುಳಗಳಿಂದ ಪಾರಾಗಲೆಂದು ಆರಿಸಿದ ಪದ ಅದು. ಶಾಲೆಯ ಮೈದಾನಗಳಲ್ಲಿ ಅದೂ ಬೈಗುಳವಾದದ್ದನ್ನು ಇಂಗ್ಲಿಷ್ ಬಲ್ಲ ಮೊಮ್ಮಕ್ಕಳುಳ್ಳವರೆಲ್ಲ ಬಲ್ಲರು. 2016ರ ಹಕ್ಕುಗಳ ಶಾಸನ ಅದನ್ನು ಬಿಟ್ಟು ‘ಬೌದ್ಧಿಕ ಅಸಾಮರ್ಥ್ಯ’ ಎಂಬ ಅರ್ಥದ ಪದವನ್ನು ಹಿಡಿಯಿತು. ಇಂಥವರನ್ನು ಸಾರ್ವಜನಿಕವಾಗಿ ಬೇಕೆಂದೇ ಅವಮಾನಿಸಿದರೆ ಕನಿಷ್ಠ ಆರು ತಿಂಗಳ ಸೆರೆವಾಸವೆಂದೂ ವಿಧಿಸಿತು. ಕರ್ನಾಟಕ ಸರ್ಕಾರದ ಇಲಾಖೆ ‘ಅಂಗವಿಕಲ’ವನ್ನು ಬಿಟ್ಟು ‘ವಿಕಲಚೇತನ’ ಎಂದಿತು. ನಾವಿರುವ ತಮಿಳುನಾಡು ‘ಮಾಟ್ರುತ್ತಿರನಾಳಿ’, ಅಂದರೆ ಬೇರೆ ಬಗೆಯ ಸಾಮರ್ಥ್ಯವುಳ್ಳವನು, ಎಂದಿತು. ಇವೂ ಮುಂದೊಂದು ದಿನ ಸವೆಯಬಹುದು. ಈಗಲೇ ಸರ್ಕಾರ ಪ್ರಮಾಣಪತ್ರ ಕೊಡುವಾಗ ಬಳಸುವ ಸಾಮಾಜಿಕ ಪ್ರೌಢಿಮೆಯ ಮಾಪನದ ಮೂಲ, ಗೊಡ್ಡಾರ್ಡನು ‘ಮೋರಾನ್’ ಪದ ಹುಟ್ಟಿಸಿದ ಅದೇ ವೈನ್‌ಲ್ಯಾಂಡ್ ಶಾಲೆ. ಉಪಕರಣ ಒಂದೇ ಮನೆಯದು. ಅಂದು ಅದು ಬೇಲಿ ಹಾಕಿತು, ಇಂದು ಪಿಂಚಣಿ ಕೊಡಿಸುತ್ತದೆ. ಅಂತರವಿರುವುದು ಹಿಡಿದ ಕೈಯಲ್ಲಿ.

ಷರಾ ಕಲಂ

ಈಗ ನಮ್ಮ ಅರಿಕೆ. 1987ರಲ್ಲಿ ಗಡಿಯಂಚಿನ ಶಾಲೆಯೊಂದರಲ್ಲಿ ನಾವು ಮುಖ್ಯೋಪಾಧ್ಯಾಯರಾಗಿದ್ದೆವು. ಆ ಶಾಲೆಯಲ್ಲಿ ಒಬ್ಬ ಹುಡುಗನಿದ್ದನು. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಕುಡಿಯುವ ನೀರಿನ ಕೊಡ ತುಂಬುತ್ತಿದ್ದನು. ಊರಿನ ಯಾವ ದನ ಯಾರ ಮನೆಯದೆಂದು ದೂರದಿಂದಲೇ ಹೇಳುತ್ತಿದ್ದನು. ಭಾಗಾಕಾರ ಅವನಿಗೆ ಒಲಿಯಲಿಲ್ಲ; ಎರಡು ವರ್ಷ ಒಂದೇ ತರಗತಿಯಲ್ಲಿ ಕುಳಿತನು. ಅವನ ತಾಯಿ ಕೂಲಿಗಾಗಿ ಬೇರೆ ಊರಿಗೆ ಹೋಗುವಾಗ ವರ್ಗಾವಣೆ ಪತ್ರ ಕೇಳಿದಳು. ಕೊನೆಯ ಷರಾ ಕಲಮಿನಲ್ಲಿ ನಾವು ಬರೆದದ್ದು ಇಷ್ಟು: ‘ಮಂದಬುದ್ಧಿ; ಮುಂದಿನ ವ್ಯಾಸಂಗಕ್ಕೆ ತಕ್ಕವನಲ್ಲ.’ ಯಾವ ಪರೀಕ್ಷೆಯನ್ನೂ ನಾವು ಮಾಡಿರಲಿಲ್ಲ. ಬಿ.ಇಡಿ.ಯ ಕೋಷ್ಟಕವೊಂದು ತಲೆಯಲ್ಲಿತ್ತು, ಅಷ್ಟೆ.

ತಿಂಗಳಾದ ಮೇಲೆ ಆ ತಾಯಿ ಮರಳಿ ಬಂದಳು. ಹೊಸ ಊರಿನ ಶಾಲೆಯವರು ಷರಾ ಓದಿ ಹುಡುಗನನ್ನು ಸೇರಿಸಿಕೊಂಡಿರಲಿಲ್ಲ. ಕಚೇರಿಯ ಹೊಸ್ತಿಲಾಚೆ ನಿಂತು, ಆ ಸೀಮೆಯ ಬಡವರು ದೊಡ್ಡವರೆನಿಸಿಕೊಂಡವರನ್ನು ಕರೆಯುವ ರೀತಿಯಲ್ಲಿಯೇ ನಮ್ಮನ್ನು ಕರೆದು, “ಅದೊಂದು ಮಾತ ಅಳಿಸ್ಕೊಡಿ, ಬುದ್ಧೀ” ಎಂದಳು. ದಾಖಲೆ ತಿದ್ದುವಂತಿಲ್ಲವೆಂದು ನಾವು ಹೇಳಿದೆವು. ನಿಯಮವೂ ಹಾಗೆಯೇ ಇತ್ತು. ಆದರೆ ಹೊಸ ಪತ್ರವೊಂದನ್ನು ಕೊಡಲು, ಆ ಶಾಲೆಯವರಿಗೆ ಒಂದು ಕಾಗದ ಬರೆಯಲು ಯಾವ ನಿಯಮವೂ ಅಡ್ಡವಿರಲಿಲ್ಲ. ನಾವು ಬರೆಯಲಿಲ್ಲ. ಆಕೆ ಮರುಮಾತಾಡದೆ ಹೊರಟುಹೋದಳು. ಆ ಹುಡುಗನಿಗೆ ಈಗ ಐವತ್ತು ಸಮೀಪಿಸಿರಬೇಕು. ಅವನು ಮತ್ತೆ ಶಾಲೆಯ ಮೆಟ್ಟಿಲು ಹತ್ತಿದನೋ ಇಲ್ಲವೋ ನಾವು ವಿಚಾರಿಸಲೂ ಇಲ್ಲ.

ವಿಜ್ಞಾನೇಶ್ವರನು ಜಡನನ್ನು ‘ಅಂತಃಕರಣ ವಿಕಲವಾದವನು’ ಎಂದು ವಿವರಿಸಿದನೆಂದು ಮೇಲೆ ಹೇಳಿದೆವು. ಸಂಸ್ಕೃತದ ಶಾಸ್ತ್ರದಲ್ಲಿ ಅಂತಃಕರಣವೆಂದರೆ ಒಳಗಿನ ಇಂದ್ರಿಯ, ಮನಸ್ಸು, ಬುದ್ಧಿ. ಆದರೆ ನಮ್ಮ ಕನ್ನಡದ ಆಡುಮಾತಿನಲ್ಲಿ ಅಂತಃಕರಣವೆಂದರೆ ಮರುಕ, ಕನಿಕರ. ‘ಅವನಿಗೆ ಅಂತಃಕರಣವಿಲ್ಲ’ ಎಂದರೆ ಲೆಕ್ಕ ಬಾರದವನೆಂದು ಯಾವ ಕನ್ನಡಿಗನೂ ತಿಳಿಯನು. ಕನ್ನಡದ ಈ ಅರ್ಥವನ್ನು ಹಿಡಿದು ನೋಡಿದರೆ, 1987ರ ಆ ಮಧ್ಯಾಹ್ನ ಕಚೇರಿಯಲ್ಲಿ ಅಂತಃಕರಣ ವಿಕಲವಾಗಿದ್ದದ್ದು ಹೊಸ್ತಿಲಾಚೆ ನಿಂತವರದ್ದಲ್ಲ.

ಈ ಸಂಚಿಕೆ ಅನೇಕ ಉಪಾಧ್ಯಾಯ ಮಿತ್ರರ ಕೈ ಸೇರುವುದು. ಅವರಲ್ಲಿ ನಮ್ಮದೊಂದು ವಿನಂತಿ. ಈಗಿನ ಕಾನೂನು ನಿಗದಿಪಡಿಸಿದ ಪ್ರಮಾಣದ ಅಸಾಮರ್ಥ್ಯವುಳ್ಳ ಮಕ್ಕಳಿಗೆ ಆರರಿಂದ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ಅಂಥ ಮಗು ನಿಮ್ಮ ತರಗತಿಗೆ ಬಂದಾಗ ಇಂದಿನ ಸರಿಯಾದ ಪದ ಯಾವುದೆಂದು ತಿಳಿದು ಅದನ್ನೇ ಬಳಸಿರಿ. ಆದರೆ ಅಷ್ಟಕ್ಕೇ ನಿಲ್ಲಬೇಡಿರಿ. ಷರಾ ಕಲಮಿಗೆ ಲೇಖನಿ ಹೋಗುವ ಮೊದಲು, ಆ ಮಗುವಿಗೆ ಏನು ಬರುತ್ತದೆ ಎಂಬುದನ್ನು ಒಂದು ಸಾಲು ಬರೆಯಿರಿ. ನಾವು ಬರೆಯಬೇಕಾಗಿದ್ದ ಸಾಲು ಇದು: ‘ನೀರು ತುಂಬುವುದರಲ್ಲಿ ಮೊದಲಿಗ, ಊರಿನ ದನಗಳನ್ನೆಲ್ಲ ಗುರುತಿಸಬಲ್ಲನು, ಭಾಗಾಕಾರವನ್ನು ನಿಧಾನವಾಗಿ ಕಲಿಸತಕ್ಕದ್ದು.’